ಒಳಬೆಳಕಿನ ಬೋರ್ಡಿಗೆ ಶೀಟು, ವಿನೈಲ್ ಆರಿಸುವ ಬಗೆ

ಒಳಗೆ ದೀಪವಿಟ್ಟು ಬೆಳಗಿಸುವ ಅಂಗಡಿ ಬೋರ್ಡಿಗೆ ಬಣ್ಣ ಆರಿಸಲು ಕೂತವರು ಕಲರ್ ಕಾರ್ಡನ್ನು ಮೇಜಿನ ಮೇಲೆ ಹರಡಿ, ಮೇಲಿನಿಂದ ಬೀಳುವ ಟ್ಯೂಬ್‌ಲೈಟಿನ ಬೆಳಕಲ್ಲಿ ನೋಡುತ್ತಾರೆ. ಈ ಕೆಂಪು ಚೆನ್ನಾಗಿದೆ, ಇದೇ ಇರಲಿ ಅನ್ನುತ್ತಾರೆ. ಬೋರ್ಡು ಏರಿದ ಸಂಜೆ ಸ್ವಿಚ್ ಹಾಕಿದರೆ ಅದೇ ಕೆಂಪು ಒಣಗಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳೂ ಕಾಣುತ್ತವೆ. ಕೊಟ್ಟ ವಿನೈಲ್, ಅಂದರೆ ಶೀಟಿನ ಮೇಲೆ ಅಂಟಿಸುವ ಬಣ್ಣದ ಹಾಳೆ, ಕಳಪೆಯಾಗಿರಬೇಕೆಂದೇನಿಲ್ಲ. ಅದು ಹೊರಗಿನ ಬೆಳಕನ್ನು ಹಿಂದಕ್ಕೆ ಚೆಲ್ಲುವುದಕ್ಕೆಂದು ಮಾಡಿದ ವಿನೈಲ್. ಒಳಗಿನ ಬೆಳಕನ್ನು ಬಣ್ಣ ಕೆಡದಂತೆ ಹೊರಗೆ ಬಿಡುವ ವಿನೈಲ್ ಬೇರೆಯೇ ಇದೆ, ಅದನ್ನು ಟ್ರಾನ್ಸ್‌ಲುಸೆಂಟ್ ಅನ್ನುತ್ತಾರೆ. ಒಳಬೆಳಕಿನ ಬೋರ್ಡಿಗೆ ತರುವ ಯಾವ ವಸ್ತುವನ್ನೇ ಆಗಲಿ, ಹಿಂದೆ ಬೆಳಕಿಟ್ಟು, ಕತ್ತಲಲ್ಲಿ ನೋಡಿಯೇ ಆರಿಸಬೇಕು.

ಲೆಕ್ಕ ಸುಲಭವಾಗಲಿ ಎಂದು ಒಂದು ಬೋರ್ಡನ್ನೇ ಹಿಡಿದು ಹೇಳುತ್ತೇವೆ. 8 ಅಡಿ ಅಗಲ, 3 ಅಡಿ ಎತ್ತರ, ಹಳದಿ ನೆಲದ ಮೇಲೆ ಕೆಂಪು ಅಕ್ಷರ, ‘ಮಿಠಾಯಿ ಅಂಗಡಿ’ ಎಂಬ ಬರಹ. ಕರ್ನಾಟಕದಲ್ಲಿ ಬೋರ್ಡು ಮಾಡಿಸುವವರು ಅಳತೆ ಹಾಕುವ ಮೊದಲೇ ನೆನಪಿಡಬೇಕಾದ ಸಂಗತಿ ಒಂದಿದೆ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ 60ರಷ್ಟು ಕನ್ನಡದಲ್ಲಿರಬೇಕು, ಆ ಕನ್ನಡ ಮೇಲ್ಭಾಗದಲ್ಲಿರಬೇಕು. ಡಿಸೈನ್ ಮುಗಿದು, ವಿನೈಲ್ ಕತ್ತರಿಸಿ ಅಂಟಿಸಿದ ಮೇಲೆ ಇದು ನೆನಪಾದರೆ ಇಡೀ ಮುಖವನ್ನೇ ಬದಲಿಸಬೇಕಾಗುತ್ತದೆ.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಹೆಸರೂ ಇದೆ. ಅದನ್ನು ಬದಿಗಿಟ್ಟರೂ, ಕಣ್ಣಮಟ್ಟದಲ್ಲಿ ಹತ್ತಿರದಿಂದ ನೋಡುವ ಅಂಗಡಿ ಬೋರ್ಡಿಗೆ ಫ್ಲೆಕ್ಸ್ ಹೊಂದುವುದಿಲ್ಲ. ಮುಂದಿನಿಂದ ಬೆಳಕು ಬೀಳಲೆಂದು ಮಾಡಿದ ಮಾಮೂಲಿ ಫ್ರಂಟ್‌ಲಿಟ್ ಫ್ಲೆಕ್ಸಿನ ಹಿಂದೆ ಬೆಳಕು ಹಾಕಿದರೆ ಒಳಗಿನ ನೂಲಿನ ಜಾಲವೆಲ್ಲ ಎದ್ದು ಕಾಣುತ್ತದೆ. ಬ್ಯಾಕ್‌ಲಿಟ್ ಫ್ಲೆಕ್ಸಿನಲ್ಲೂ ಇಂಕನ್ನು ದಪ್ಪಗೆ ಹಾಕಿ ಪ್ರಿಂಟ್ ಮಾಡದಿದ್ದರೆ ರಾತ್ರಿ ಬಣ್ಣಗಳು ತೊಳೆದಂತಾಗುತ್ತವೆ.

ಹಾಗಾದರೆ ಮುಖಕ್ಕೆ ಯಾವ ಶೀಟು? ಬಿಳಿ ಅಕ್ರಿಲಿಕ್, ಅಂದರೆ ಹಾಲುಬಿಳುಪಿನ ಓಪಲ್. ಶೀಟು 8×4 ಅಡಿಯದು ಬರುತ್ತದೆ, ನಮ್ಮ ಬೋರ್ಡಿಗೆ ಜೋಡಣೆಯಿಲ್ಲದೆ ಒಂದೇ ತುಂಡು ಸಾಕು. 2 ಅಡಿ ಎತ್ತರದವರೆಗೆ 3 ಮಿ.ಮೀ. ದಪ್ಪ ನಡೆಯುತ್ತದೆ. 3 ಅಡಿ ಎತ್ತರಕ್ಕೆ 3 ಮಿ.ಮೀ. ಹಾಕಿದರೆ ಬಿಸಿಲಿಗೆ ನಡುವೆ ಹೊಟ್ಟೆ ಬಿಟ್ಟಂತೆ ಉಬ್ಬುತ್ತದೆ, ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಇಲ್ಲಿಗೆ 4 ಮಿ.ಮೀ. ತೆಗೆದುಕೊಳ್ಳಿ. ತೂಕ ಸುಮಾರು ಹತ್ತೂವರೆ ಕಿಲೋ ಆಗುತ್ತದೆ, ಫ್ರೇಮಿಗೆ ಭಾರವೇನಲ್ಲ. ತೆಳು ಶೀಟು ಹಾಕಿ ನಡುವೆ ಆನಿಕೆಗೆ ಒಂದು ಪೈಪು ಕೊಡುತ್ತೇವೆ ಎಂದರೆ ಒಪ್ಪಬೇಡಿ. ಆ ಪೈಪಿನ ನೆರಳು ಪ್ರತಿ ರಾತ್ರಿ ಬೋರ್ಡಿನ ಮೇಲೆ ಕಪ್ಪು ಪಟ್ಟಿಯಾಗಿ ನಿಲ್ಲುತ್ತದೆ.

ಬಿಳಿ ಅಕ್ರಿಲಿಕ್ಕುಗಳೆಲ್ಲ ಒಂದೇ ರೀತಿ ಬೆಳಕು ಬಿಡುವುದಿಲ್ಲ. ಪರೀಕ್ಷೆ ಮಾಡಲು ಫೋನಿನ ಟಾರ್ಚ್ ಸಾಕು. ಎಲ್‌ಇಡಿ ಕೂರುವ ಬಾಕ್ಸಿನ ಆಳದಷ್ಟು, ಅಂದರೆ 5 ಇಂಚು ದೂರದಲ್ಲಿ ಟಾರ್ಚ್ ಹಿಡಿದು ಶೀಟಿನ ಈ ಕಡೆಯಿಂದ ನೋಡಿ. ಬಲ್ಬಿನ ಬಿಂದು ಕಣ್ಣಿಗೆ ಕುತ್ತಿದರೆ ಶೀಟು ತೀರಾ ತಿಳಿಯಾಗಿದೆ, ನಾಳೆ ಪ್ರತಿ ಎಲ್‌ಇಡಿಯೂ ಹಾಗೇ ಚುಕ್ಕೆಯಾಗಿ ಕಾಣುತ್ತದೆ. ಬಿಂದು ಕಾಣದೆ ಮೆತ್ತಗೆ ಹರಡಿದ ಬೆಳಕು ಕಂಡರೆ ಸರಿಯಿದೆ. ಬೆಳಕೇ ಮಂಕಾದರೆ ಆ ಶೀಟಿಗೆ ಎಲ್‌ಇಡಿ ಹೆಚ್ಚು ಸುರಿಯಬೇಕಾಗುತ್ತದೆ. ಎರಡು ತುಂಡು ಜೋಡಿಸುವ ಉದ್ದದ ಬೋರ್ಡಾದರೆ ಎರಡೂ ಒಂದೇ ಕಂಪನಿಯ ಒಂದೇ ಲಾಟಿನವಾಗಿರಲಿ. ಹಗಲಿನಲ್ಲಿ ಒಂದೇ ಬಿಳಿ ಎನಿಸಿದ್ದು ರಾತ್ರಿ ಎರಡು ಬಿಳಿಯಾಗುತ್ತದೆ.

ಅಗ್ಗದ ಅಕ್ರಿಲಿಕ್ ಎಂದು ಪಾಲಿಸ್ಟೈರೀನ್ ಶೀಟು ಕೊಡುವುದೂ ಉಂಟು. ಬಿಸಿಲಿಗೆ ಅದು ಹಳದಿಯಾಗಿ, ಮಟಮಟ ಮುರಿಯುವ ಹಾಗಾಗುತ್ತದೆ. ಕತ್ತರಿಸಿ ಉಳಿದ ಬೆರಳಗಲದ ಚೂರನ್ನು ಬಯಲಲ್ಲಿ ಇಕ್ಕಳದಿಂದ ಹಿಡಿದು ಸುಟ್ಟರೆ ಗೊತ್ತಾಗುತ್ತದೆ. ಅಕ್ರಿಲಿಕ್ ಚಿಟಿಚಿಟಿ ಎನ್ನುತ್ತಾ ಹೆಚ್ಚು ಹೊಗೆಯಿಲ್ಲದೆ ಉರಿಯುತ್ತದೆ, ವಾಸನೆ ಹಣ್ಣಿನಂತೆ ಸಿಹಿಯಾಗಿ ಮೂಗಿಗೆ ಹತ್ತುತ್ತದೆ. ಪಾಲಿಸ್ಟೈರೀನ್ ಕಪ್ಪು ಮಸಿಯ ಎಳೆಗಳನ್ನು ಕಕ್ಕುತ್ತದೆ. ಕಲ್ಲು, ಚೆಂಡು ಬೀಳುವ ಜಾಗವಾದರೆ ಪಾಲಿಕಾರ್ಬೊನೇಟ್ ಹಾಕಬಹುದು, ಸುಲಭಕ್ಕೆ ಒಡೆಯುವುದಿಲ್ಲ. ಅದರಲ್ಲಿ ಎರಡು ಎಚ್ಚರ ಬೇಕು. ಯುವಿ ಲೇಪನವಿರುವ ಬದಿಯೇ ಹೊರಗೆ ಬರಬೇಕು, ತಿರುಗಿಸಿ ಕೂಡಿಸಿದರೆ ಬೇಗ ಹಳದಿಯಾಗುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಬಿಸಿಲಿಗೆ ಆ ತೇವ ಹೊರಬರುವಾಗ ವಿನೈಲಿನಡಿ ಗುಳ್ಳೆಗಳು ಏಳುತ್ತವೆ. ಮಳೆಗಾಲದಲ್ಲಿ ಕರಾವಳಿಯ ಗೋಡೌನಿನಿಂದ ಬಂದ ಪಾಲಿಕಾರ್ಬೊನೇಟನ್ನು ಆ ದಿನವೇ ಅಂಟಿಸಲು ಹೋಗಬೇಡಿ.

ಈಗ ವಿನೈಲ್. ಇದರಲ್ಲಿ ಕೇಳಬೇಕಾದ್ದು ಎರಡು ಪ್ರಶ್ನೆ: ಟ್ರಾನ್ಸ್‌ಲುಸೆಂಟ್ ಹೌದೋ ಅಲ್ಲವೋ, ಮತ್ತು ಕ್ಯಾಲೆಂಡರ್ಡೋ ಕಾಸ್ಟೋ. ಮಾಮೂಲಿ ಕಟಿಂಗ್ ವಿನೈಲಿನಲ್ಲಿ ಬಣ್ಣದ ಪುಡಿ ಬೆಳಕನ್ನು ತಡೆಯಲೆಂದೇ ಇರುತ್ತದೆ. ಕೆಲವಕ್ಕಂತೂ ಹಿಂಬದಿಯ ಅಂಟೇ ಬೂದು ಬಣ್ಣದ್ದು, ಹಳೆಯ ಬರಹ ಮುಚ್ಚಲೆಂದು ಮಾಡಿದ್ದು. ಹಿಂದಿನ ಕಾಗದವನ್ನು (ಲೈನರ್) ಸ್ವಲ್ಪ ಸುಲಿದು ಅಂಟಿನ ಬಣ್ಣ ನೋಡಿ. ಬೂದು ಕಂಡರೆ ಒಳಬೆಳಕಿನ ಬೋರ್ಡಿಗೆ ಅದು ಬೇಡವೇ ಬೇಡ. ಟ್ರಾನ್ಸ್‌ಲುಸೆಂಟ್ ವಿನೈಲಿನಲ್ಲಿ ಬಣ್ಣ ಒಂದೇ ಸಮನೆ ಹರಡಿರುತ್ತದೆ, ಹಗಲು ಮೇಲಿನ ಬೆಳಕಿಗೂ ರಾತ್ರಿ ಒಳಗಿನ ಬೆಳಕಿಗೂ ಹತ್ತಿರಹತ್ತಿರ ಒಂದೇ ಬಣ್ಣ ತೋರುತ್ತದೆ. 3ಎಂ ಕಂಪನಿಯ 3630 ಸರಣಿ, ಒರಾಕಲ್ 8500 ಇಂಥವು. ಅಂಗಡಿಯಲ್ಲಿ ಸುಮ್ಮನೆ ಒರಾಕಲ್ ಕೊಡಿ ಎಂದರೆ 651 ಕೈಗೆ ಬರಬಹುದು. ಅದು ಬೆಳಕು ತಡೆಯುವ ಜಾತಿ. ಸರಣಿಯ ಸಂಖ್ಯೆ ಹೇಳಿಯೇ ಕೇಳಬೇಕು.

ಕ್ಯಾಲೆಂಡರ್ಡ್ ವಿನೈಲನ್ನು ರೋಲರುಗಳ ನಡುವೆ ಒತ್ತಿ, ಎಳೆದು ಹಾಳೆ ಮಾಡುತ್ತಾರೆ. ಎಳೆದದ್ದು ತನ್ನ ಮೊದಲಿನ ಅಳತೆಗೆ ಮರಳಲು ನೋಡುತ್ತಲೇ ಇರುತ್ತದೆ, ಬಿಸಿಲು ಅದಕ್ಕೆ ನೆರವಾಗುತ್ತದೆ. ಅಗ್ಗದ ಮೋನೊಮೆರಿಕ್ ಜಾತಿಯಲ್ಲಿ ಇದು ಹೆಚ್ಚು. ಸ್ವಲ್ಪ ಕಾಲದ ಮೇಲೆ ಅಕ್ಷರದ ಅಂಚು ಹಿಂದೆ ಸರಿದು, ಬಯಲಾದ ಅಂಟಿಗೆ ರಸ್ತೆಯ ಧೂಳು ಕೂತು, ಪ್ರತಿ ಅಕ್ಷರಕ್ಕೂ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ ಬರುತ್ತದೆ. ಪಾಲಿಮೆರಿಕ್ ಜಾತಿ ಕಡಿಮೆ ಕುಗ್ಗುತ್ತದೆ. ಕಾಸ್ಟ್ ವಿನೈಲನ್ನು ದ್ರವವಾಗಿ ಹರಡಿ ಒಣಗಿಸಿ ಮಾಡುವುದರಿಂದ ಅದರಲ್ಲಿ ಎಳೆತವೇ ಇಲ್ಲವೆನ್ನಬಹುದು. ದಪ್ಪವೂ ಕಡಿಮೆ, ಸುಮಾರು 50 ಮೈಕ್ರಾನ್. ಕ್ಯಾಲೆಂಡರ್ಡ್ 80 ಮೈಕ್ರಾನ್ ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ಚಪ್ಪಟೆ ಅಕ್ರಿಲಿಕ್ಕಿನ ಮೇಲೆ, ಮನೆಮುಂದಿನ ರಸ್ತೆಯ ಅಂಗಡಿಗೆ ಪಾಲಿಮೆರಿಕ್ ಟ್ರಾನ್ಸ್‌ಲುಸೆಂಟ್ ಸಾಕೆಂಬುದು ನಮ್ಮ ಅಭಿಪ್ರಾಯ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಪಶ್ಚಿಮಕ್ಕೆ ಮುಖ ಮಾಡಿದ ಬೋರ್ಡಾದರೆ ಕಾಸ್ಟ್ ಹಾಕಿಸಿ. ಆ ಹೆಚ್ಚಿನ ಖರ್ಚು ಮತ್ತೊಮ್ಮೆ ಏಣಿ ಹಾಕಿ ಬೋರ್ಡು ಇಳಿಸುವ ಖರ್ಚಿಗಿಂತ ಕಡಿಮೆ.

ರೋಲ್ ಅಗಲ 4 ಅಡಿ. ನಮ್ಮ ಹಳದಿ ನೆಲಕ್ಕೆ ರೋಲನ್ನು ಅಡ್ಡಕ್ಕೆ ಹಾಸಿದರೆ ಜೋಡಣೆ ಬರುವುದಿಲ್ಲ. ಅಂಚಿನ ಕತ್ತರಿಕೆಯೂ ಸೇರಿ 2.6 ಮೀಟರ್ ತನ್ನಿ. 4 ಅಡಿ ಮೀರಿದ ಎತ್ತರಕ್ಕೆ ಜೋಡಣೆ ತಪ್ಪದು. ಆಗ ಹೆಂಚು ಹೊದಿಸುವ ಹಾಗೆ ಮೇಲಿನ ಪಟ್ಟಿ ಕೆಳಗಿನದರ ಮೇಲೆ 3ರಿಂದ 5 ಮಿ.ಮೀ. ಬರಲಿ, ಮಳೆನೀರು ಒಳಗೆ ನುಗ್ಗದು. ಎರಡು ಪಟ್ಟಿಯೂ ಒಂದೇ ರೋಲಿನದಾಗಿರಬೇಕು. ರೋಲಿನಿಂದ ರೋಲಿಗೆ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸವಿದ್ದರೂ ಹಿಂದಿನ ಬೆಳಕು ಅದನ್ನು ಎತ್ತಿ ತೋರಿಸುತ್ತದೆ.

ಹಳದಿಯ ಮೇಲೆ ಕೆಂಪನ್ನು ಹೇಗೆ ಕೂಡಿಸುವುದು? ಎರಡು ದಾರಿ. ಇಡೀ ಮುಖಕ್ಕೆ ಹಳದಿ ಹಚ್ಚಿ ಅದರ ಮೇಲೆ ಕೆಂಪು ಅಕ್ಷರ ಹಚ್ಚುವುದು ಒಂದು. ಹಳದಿ ತಡೆಯುವುದು ನೀಲಿ ಬೆಳಕನ್ನು, ಕೆಂಪು ವಿನೈಲ್ ಅದನ್ನು ಹೇಗೂ ತಡೆಯುತ್ತದೆ. ಆದ್ದರಿಂದ ಎರಡು ಪದರವಾದರೂ ಕೆಂಪು ಕೆಂಪಾಗಿಯೇ ಉಳಿಯುತ್ತದೆ, ತುಸು ಗಾಢವಾಗುತ್ತದೆ ಅಷ್ಟೆ. ಅರಿಶಿನ ಕುಂಕುಮದ ಜೋಡಿಗೆ ಈ ಸುಲಭದ ದಾರಿ ಸಾಕು. ಅದೇ ಹಳದಿಯ ಮೇಲೆ ನೀಲಿ ಹಚ್ಚಿ ನೋಡಿ, ಒಂದು ಬಿಟ್ಟದ್ದನ್ನು ಇನ್ನೊಂದು ತಡೆದು ಅಕ್ಷರ ಮಸಿಯಂತಾಗುತ್ತದೆ. ಅಲ್ಲಿ ಎರಡನೆಯ ದಾರಿ ಬೇಕು: ಅಕ್ಷರದ ಜಾಗದಲ್ಲಿ ಹಳದಿಯನ್ನು ಕತ್ತರಿಸಿ ತೆಗೆದು, ಆ ಕಿಂಡಿಗೆ ನೀಲಿಯನ್ನು ಸುತ್ತಲೂ 2 ಮಿ.ಮೀ. ದೊಡ್ಡದು ಮಾಡಿ ಹಚ್ಚುವುದು. ಸುತ್ತ ತೆಳುವಾದ ಗಾಢ ಅಂಚು ಬರುತ್ತದೆ, ಬೀದಿಯಿಂದ ಅದು ಕಾಣುವುದೇ ಇಲ್ಲ. ಎರಡನ್ನೂ ಅಂಚಿಗೆ ಅಂಚು ತಾಗಿಸಿ ಕೂಡಿಸಿದರೆ ಆ ದಿನ ಚೆಂದ. ವಿನೈಲ್ ಕೂದಲೆಳೆಯಷ್ಟು ಕುಗ್ಗಿದರೂ ನಡುವಿನಿಂದ ಬಿಳಿ ಬೆಳಕಿನ ಗೆರೆ ಹೊರಬೀಳುತ್ತದೆ.

ಕಪ್ಪು ಅಥವಾ ಗಾಢ ನೆಲದಲ್ಲಿ ಅಕ್ಷರ ಮಾತ್ರ ಬೆಳಗಬೇಕಾದರೆ ಬೆಳಕನ್ನು ಪೂರ್ತಿ ತಡೆಯುವ ಬ್ಲಾಕ್‌ಔಟ್ ಫಿಲ್ಮನ್ನೇ ಬಳಸಿ. ಮಾಮೂಲಿ ಕಪ್ಪು ವಿನೈಲ್ ಒಂದು ಪದರ ಹಾಕಿದರೆ ರಾತ್ರಿ ಅದು ಕಪ್ಪಾಗಿರುವುದಿಲ್ಲ, ಕಾಫಿಯ ಡಿಕಾಕ್ಷನ್ ಲೋಟದ ಹಿಂದೆ ಬಲ್ಬು ಇಟ್ಟ ಹಾಗೆ ಕಂದಾಗಿ ಕಾಣುತ್ತದೆ.

ಅಕ್ಷರ ಕತ್ತರಿಸುವ ಕೆಲಸದಲ್ಲಿ ಕನ್ನಡಕ್ಕೆ ತನ್ನದೇ ತೊಡಕುಗಳಿವೆ. ಇವನ್ನು ವಿವರವಾಗಿ ಹೇಳಲೇಬೇಕು, ಬೋರ್ಡು ಕೆಡುವುದು ಹೆಚ್ಚಾಗಿ ಇಲ್ಲೇ. ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರಲ್‌ಡ್ರಾದ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ಹಾಗಾಗಿ ಡಿಟಿಪಿ ಮಾಡುವವರಲ್ಲಿ ಈಗಲೂ ಅನೇಕರು ನುಡಿ, ಬರಹದ ಹಳೆಯ ಫಾಂಟುಗಳನ್ನೇ ಬಳಸುತ್ತಾರೆ. ಆ ಫಾಂಟುಗಳಲ್ಲಿ ಅಕ್ಷರ ಒಂದೇ ತುಂಡಲ್ಲ. ಮೂಲರೂಪ ಒಂದು, ದೀರ್ಘದ ಗುರುತು ಇನ್ನೊಂದು, ಒತ್ತು ಮತ್ತೊಂದು. ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಪರದೆಯಲ್ಲಿ, ಕಾಗದದಲ್ಲಿ ತಿಳಿಯುವುದಿಲ್ಲ. ವಿನೈಲ್ ಕತ್ತರಿಸುವ ಯಂತ್ರವಾದ ಪ್ಲಾಟರಿನ ಬ್ಲೇಡು ಮಾತ್ರ ಪ್ರತಿ ಗೆರೆಯನ್ನೂ ನಿಜವೆಂದೇ ನಂಬಿ ಕತ್ತರಿಸುತ್ತದೆ. ‘ಠಾ’ದಲ್ಲಿ ದೀರ್ಘ ಬಂದು ಸೇರುವ ಕಡೆ ಎರಡು ಗೆರೆ ಕತ್ತರಿ ಹಾಕಿದಂತೆ ಅಡ್ಡಬೀಳುತ್ತವೆ. ಹಚ್ಚುವಾಗ ಆ ಚೂರು ಎದ್ದು ಹೋಗುತ್ತದೆ, ಇಲ್ಲವೇ ಆ ಸೀಳಿನಿಂದ ರಾತ್ರಿ ಬೆಳಕು ಸೋರುತ್ತದೆ. ಆದ್ದರಿಂದ ಬರಹವನ್ನು ಕರ್ವ್‌ಗೆ (ಬರೀ ಗೆರೆಗಳಿಗೆ) ಬದಲಿಸಿ, ಪ್ರತಿ ಅಕ್ಷರವನ್ನೂ ವೆಲ್ಡ್ ಮಾಡಿ (ತುಂಡುಗಳನ್ನು ಒಂದಾಗಿಸಿ), ಬಣ್ಣವಿಲ್ಲದೆ ಗೆರೆಗಳನ್ನಷ್ಟೇ ತೋರುವ ವೈರ್‌ಫ್ರೇಮ್ ನೋಟದಲ್ಲಿ ಒಳಗೆರೆ ಉಳಿದಿದೆಯೇ ಎಂದು ಒಂದೊಂದಾಗಿ ನೋಡಿ. ಕಟಿಂಗಿಗೆ ಕೊಡುವ ಮೊದಲು ಫೈಲನ್ನು ವೈರ್‌ಫ್ರೇಮಿನಲ್ಲಿ ತೋರಿಸಿ ಎಂದು ಅಂಗಡಿಯ ಮಾಲೀಕರೇ ಕೇಳಬಹುದು, ಎರಡು ನಿಮಿಷದ ಕೆಲಸ.

ಇನ್ನೊಂದು ತೊಡಕು ಅಕ್ಷರದ ಒಡಲಿನದು. ಎಸಿಪಿ ಶೀಟನ್ನು (ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟು) ರೂಟರಿನಲ್ಲಿ ಕೊರೆದು ಹಿಂದೆ ಅಕ್ರಿಲಿಕ್ ಕೊಡುವ ಬೋರ್ಡಾದರೆ, ರ ಅಕ್ಷರದ ಹೊಟ್ಟೆ, ಸೊನ್ನೆಯ ನಡುಭಾಗ, ಠ ಅಕ್ಷರದ ಒಳಗಿನ ಬಿಲ್ಲೆ ಎಲ್ಲ ಕಳಚಿ ಕೆಳಗೆ ಬೀಳುತ್ತವೆ. ಠ ಅಕ್ಷರದ ಬಿಲ್ಲೆಯಲ್ಲಂತೂ ನಡುವೆ ಚುಕ್ಕೆಯ ತೂತು ಬೇರೆ. ಅವನ್ನು ಎತ್ತಿಟ್ಟು, ಹಿಂದಿನ ಅಕ್ರಿಲಿಕ್ಕಿಗೆ ಅಳತೆ ಹಿಡಿದು ಅಂಟಿಸಬೇಕು. 2 ಮಿ.ಮೀ. ಪಕ್ಕಕ್ಕೆ ಸರಿದರೂ ಹೊಳೆಯುವ ಉಂಗುರ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಕೊರೆಯುವ ಮೊದಲು 1:1 ಅಳತೆಯ ಪ್ರಿಂಟ್ ತೆಗೆದಿಟ್ಟುಕೊಂಡರೆ ಅದನ್ನೇ ಅಡಿಗಿಟ್ಟು ಕೂಡಿಸಬಹುದು.

ಅಕ್ಷರದ ದಪ್ಪವನ್ನೂ ಬೆಳಕಿಗೆ ತಕ್ಕಂತೆ ಆರಿಸಬೇಕು. ಗಾಢ ನೆಲದಲ್ಲಿ ಹೊಳೆಯುವ ಅಕ್ಷರ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಧ ಅಕ್ಷರದ ಅಡಿಯ ಸೀಳು, ಒತ್ತಕ್ಷರಕ್ಕೂ ಮೇಲಿನ ಅಕ್ಷರಕ್ಕೂ ನಡುವಿನ ಸಂದು ಬೆಳಕಲ್ಲಿ ಮುಚ್ಚಿಹೋಗಿ ದ ಯಾವುದು ಧ ಯಾವುದು ತಿಳಿಯದಾಗುತ್ತದೆ. ಅಲ್ಲಿಗೆ ತೆಳು ಫಾಂಟು, ಬಿಡಿಸಿದ ಅಂತರ ಸರಿ. ನಮ್ಮ ಬೋರ್ಡಿನಲ್ಲಿ ನೆಲವೇ ಹೊಳೆಯುವುದರಿಂದ ಹಳದಿ ಬೆಳಕು ಕೆಂಪು ಅಕ್ಷರದ ಅಂಚನ್ನು ತಿನ್ನುತ್ತದೆ, ಹಾಗಾಗಿ ದಪ್ಪ ಫಾಂಟೇ ಬೇಕು. 10 ಅಡಿ ದೂರಕ್ಕೆ 1 ಇಂಚು ಎತ್ತರ ಎಂಬ ಲೆಕ್ಕವೊಂದು ಬೋರ್ಡಿನವರಲ್ಲಿ ಬಳಕೆಯಲ್ಲಿದೆ. ಕನ್ನಡಕ್ಕೆ ಅದರ ಒಂದೂವರೆ ಪಟ್ಟು ಹಿಡಿಯಿರಿ. ಒತ್ತು, ಗುಣಿತ ಬಿಟ್ಟು ಬರೀ ಮೂಲಾಕ್ಷರದ ಎತ್ತರ ಅಳೆಯಿರಿ.

ಬಾಕ್ಸಿನ ಆಳ 5 ಇಂಚು ಇರಲಿ. ಒಳಗೆಲ್ಲ ಹೊಳಪಿಲ್ಲದ ಬಿಳಿ ಬಣ್ಣ ಬಳಿಯಿರಿ, ಬರಿಯ ಅಲ್ಯೂಮಿನಿಯಂ ಬಣ್ಣ ಬಿಟ್ಟರೆ ಬೆಳಕು ಅಲ್ಲಲ್ಲಿ ಗುಂಪುಗಟ್ಟುತ್ತದೆ. ಎಲ್‌ಇಡಿ ಮಾಡ್ಯೂಲಿಗೆ (ತಂತಿಯಲ್ಲಿ ಸಾಲಾಗಿ ಪೋಣಿಸಿದ ಎಲ್‌ಇಡಿ ಬಿಲ್ಲೆಗೆ) ಲೆನ್ಸ್ ಇದ್ದು ಬೆಳಕು 160 ಡಿಗ್ರಿಯಷ್ಟು ಹರಡಿದರೆ ಸಾಲಿನಿಂದ ಸಾಲಿಗೆ, ಮಾಡ್ಯೂಲಿನಿಂದ ಮಾಡ್ಯೂಲಿಗೆ 6 ಇಂಚು ಕೊಡಬಹುದು. ಮೊದಲ ಸಾಲು ಅಂಚಿನಿಂದ 3 ಇಂಚು ಒಳಗೆ. ಆಗ 6 ಸಾಲು, ಸಾಲಿಗೆ 16, ಒಟ್ಟು 96 ಮಾಡ್ಯೂಲು. ಒಂದಕ್ಕೆ 1.2 ವ್ಯಾಟ್ ಎಂದರೆ 115 ವ್ಯಾಟ್, 12 ವೋಲ್ಟಿನಲ್ಲಿ 9.6 ಆಂಪಿಯರ್. ಎಸ್‌ಎಂಪಿಎಸ್ (ಅಂಗಡಿಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ) ಮೇಲೆ ಶೇ 80ಕ್ಕಿಂತ ಹೆಚ್ಚು ಹೊರೆ ಹಾಕಬಾರದು, ಹಾಗಾಗಿ 150 ವ್ಯಾಟಿನ, 12.5 ಆಂಪಿಯರಿನದು ಬೇಕು. 10 ಆಂಪಿಯರಿನದೇ ಸಾಕಲ್ಲ ಎಂದು ತಂದರೆ ಬೇಸಿಗೆಯಲ್ಲಿ ಮುಚ್ಚಿದ ಬಾಕ್ಸಿನೊಳಗೆ ಅದು ಕಾದು ಮಿಣಮಿಣ ಎನ್ನತೊಡಗುತ್ತದೆ. 96 ಮಾಡ್ಯೂಲನ್ನೂ ಒಂದೇ ಸರಪಳಿ ಮಾಡಬೇಡಿ. ತಂತಿಯಲ್ಲಿ ವೋಲ್ಟ್ ಇಳಿದು ಕೊನೆಯ ಸಾಲು ಮಂಕಾಗುತ್ತದೆ. ಪ್ರತಿ ಸಾಲಿಗೂ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಕೊಡಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಬೇರೆಲ್ಲೇ ಆಗಲಿ ಮಾಡ್ಯೂಲು ಕೊಳ್ಳುವಾಗ ಬರೀ ‘ವೈಟ್’ ಎಂದು ಕೇಳಬೇಡಿ. 6500 ಕೆಲ್ವಿನ್ ಎಂದು ಕೇಳಿ, ಈ ಸಂಖ್ಯೆ ಏರಿದಷ್ಟೂ ಬಿಳಿ ನೀಲಿಯತ್ತ ವಾಲುತ್ತದೆ. 10000 ಕೆಲ್ವಿನ್ ಆಸುಪಾಸಿನ ನೀಲಿಬಿಳುಪಿನವು ಕಣ್ಣಿಗೆ ಹೊಡೆಯುವಷ್ಟು ಪ್ರಖರವಾಗಿ ಕಾಣುತ್ತವೆ, ಆದರೆ ಅವುಗಳಲ್ಲಿ ಕೆಂಪಿನ ಪಾಲು ಕಡಿಮೆ. ಹಳದಿ ವಿನೈಲಿನ ಹಿಂದೆ ಇಟ್ಟರೆ ಅರಿಶಿನ ಹೋಗಿ ನಿಂಬೆಹಸಿರು ಬರುತ್ತದೆ, ಕೆಂಪು ಕಳೆಗುಂದುತ್ತದೆ. ನೆಲವೇ ಕೆಂಪಾದ ಬೋರ್ಡಿಗೆ ಸಾಲುಗಳ ಅಂತರವನ್ನು 5 ಇಂಚಿಗೆ ಇಳಿಸಿ, ಕೆಂಪು ವಿನೈಲ್ ಬಿಳಿ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ.

ಇಷ್ಟೆಲ್ಲ ತೀರ್ಮಾನಿಸುವ ಮೊದಲು ಮಾದರಿಯೊಂದನ್ನು ಮಾಡಲೇಬೇಕು. ರದ್ದಿ ಎಸಿಪಿಯಲ್ಲಿ 1 ಅಡಿ ಚೌಕ, 5 ಇಂಚು ಆಳದ ಡಬ್ಬಿ, ಒಳಗೆ 6 ಇಂಚು ಅಂತರದಲ್ಲಿ ನಾಲ್ಕು ಮಾಡ್ಯೂಲು, ಮುಖಕ್ಕೆ ಅದೇ ಅಕ್ರಿಲಿಕ್ಕಿನ ತುಂಡು. ಅದರ ಮೇಲೆ ಹಳದಿ, ಹಳದಿಯ ಮೇಲೆ ಒಂದು ಅಕ್ಷರ. ಕತ್ತಲೆ ಕೋಣೆಯಲ್ಲಿ 15 ಅಡಿ ದೂರ ನಿಂತು ನೋಡಿ. ಬೆಳಕಿನ ಗುಡ್ಡೆ ಕಂಡರೆ ಆಳ ಹೆಚ್ಚಿಸಿ ಇಲ್ಲವೇ ಅಂತರ ಕಡಿಮೆ ಮಾಡಿ. ಅಂಗಡಿಯವರನ್ನೂ ಕರೆದು ತೋರಿಸಿ, ಅವರು ಒಪ್ಪಬೇಕಾದ್ದು ಈ ಬಣ್ಣವನ್ನು.

ಅಂಟಿಸುವ ಕೆಲಸ ಬೆಳಗಿನ ತಂಪಿನಲ್ಲಿ, ನೆರಳಲ್ಲಿ, ಕಸ ಗುಡಿಸಿ ನೀರು ಚಿಮುಕಿಸಿದ ನೆಲದ ಮೇಲೆ ಆಗಲಿ. ಬಿಸಿ ಶೀಟಿಗೆ ಅಂಟು ತಾಗಿದ ಕೂಡಲೇ ಹಿಡಿದುಬಿಡುತ್ತದೆ, ಸರಿಸಲಾಗದು. ಅಕ್ರಿಲಿಕ್ಕನ್ನು ಥಿನ್ನರಿನಿಂದ ಒರೆಸಬೇಡಿ, ಕತ್ತರಿಸಿದ ಅಂಚಿನಿಂದ ನವಿರು ಬಿರುಕು ಹಬ್ಬುತ್ತದೆ. ಸೋಪುನೀರಲ್ಲಿ ಒರೆಸಿ, ಒದ್ದೆ ಮೆತ್ತನೆಯ ಬಟ್ಟೆಯಿಂದ ಮುಗಿಸಿ. ಒಣಬಟ್ಟೆ ಉಜ್ಜಿದರೆ ಶೀಟು ಧೂಳನ್ನು ಇನ್ನಷ್ಟು ಸೆಳೆಯುತ್ತದೆ, ವಿನೈಲಿನಡಿ ಸಿಕ್ಕ ಒಂದು ಕೂದಲೂ ರಾತ್ರಿ ಕಪ್ಪು ಗೆರೆ. ಹಚ್ಚಲು ಲೀಟರ್ ನೀರಿಗೆ ಐದಾರು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಹೆಚ್ಚಾದರೆ ಅಂಟು ಸೋಲುತ್ತದೆ. ಬಟ್ಟೆ ಸುತ್ತಿದ ಸ್ಕ್ವೀಜಿಯಿಂದ (ವಿನೈಲ್ ಒತ್ತುವ ಚಪ್ಪಟೆ ಪಟ್ಟಿಯಿಂದ) ನಡುವಿನಿಂದ ಹೊರಗೆ, ಒಂದು ಎಳೆತದ ಮೇಲೆ ಅರ್ಧ ಬರುವ ಹಾಗೆ ಎಳೆಯಿರಿ. ಮೂಲೆ ಸರಿಯಾಗಲಿಲ್ಲವೆಂದು ವಿನೈಲನ್ನು ಜಗ್ಗಬೇಡಿ. ಹಿಗ್ಗಿದ ಕಡೆ ಬಣ್ಣ ತೆಳುವಾಗಿ, ರಾತ್ರಿ ಅಲ್ಲೇ ಬೆಳಕಿನ ಮಚ್ಚೆ ಕಾಣುತ್ತದೆ. ಮಾಮೂಲಿ ವಿನೈಲಿನಲ್ಲಿ ಗುಳ್ಳೆ ಬಂದರೆ ಸೂಜಿಯಲ್ಲಿ ಚುಚ್ಚಿ ಒತ್ತುವುದು ರೂಢಿ. ಇಲ್ಲಿ ಆ ಸೂಜಿತೂತೇ ಬಿಳಿ ಚುಕ್ಕೆಯಾಗುತ್ತದೆ. ಅಂಚು ಹತ್ತಿರವಿದ್ದರೆ ಎತ್ತಿ ಮತ್ತೆ ಹಚ್ಚಿ. ಮುಗಿದ ಮೇಲೆ ಶೀಟಿನ ಹಿಂದೆ ಬೆಳಕು ಹಿಡಿದು ಪೂರ್ತಿ ನೋಡಿ, ಒಂದು ದಿನ ಬಿಟ್ಟು ಏರಿಸಿ.

ಅಕ್ರಿಲಿಕ್ ಬಿಸಿಲಿಗೆ ಹಿಗ್ಗುತ್ತದೆ. 8 ಅಡಿ ಶೀಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 5 ಮಿ.ಮೀ. ಉದ್ದವಾಗುತ್ತದೆ. ಫ್ರೇಮಿನೊಳಗೆ ಎರಡೂ ಕಡೆ 3 ಮಿ.ಮೀ. ಜಾಗ ಬಿಡಿ. ಸ್ಕ್ರೂ ಹಾಕುವುದಾದರೆ ತೂತು ಸ್ಕ್ರೂಗಿಂತ 3 ಮಿ.ಮೀ. ದೊಡ್ಡದಿರಲಿ, ವಾಷರ್ ಇರಲಿ, ಬಿಗಿಯಾಗಿ ತಿರುಪಬೇಡಿ. ಸ್ಕ್ರೂ ಪಕ್ಕದಿಂದ ನಕ್ಷತ್ರದಂತೆ ಬಿರುಕು ಬಿಟ್ಟ ಬೋರ್ಡುಗಳು ಯಾವ ಊರಿನ ಪೇಟೆಯಲ್ಲೂ ಸಿಗುತ್ತವೆ. ಸಿಲಿಕೋನ್ ನ್ಯೂಟ್ರಲ್ ಜಾತಿಯದು ತನ್ನಿ. ವಿನೆಗರ್ ವಾಸನೆ ಬರುವುದು ಲೋಹವನ್ನು ತಿನ್ನುತ್ತದೆ. ಬಾಕ್ಸಿನ ಅಡಿಯ ಎರಡೂ ಮೂಲೆಯಲ್ಲಿ 6 ಮಿ.ಮೀ. ತೂತು ಕೊರೆದು ಒಳಗಿನಿಂದ ಸಣ್ಣ ಜಾಲರಿ ಹಚ್ಚಿ. ತೂತಿಲ್ಲದಿದ್ದರೆ ನೀರು ನಿಲ್ಲುತ್ತದೆ, ಜಾಲರಿ ಇಲ್ಲದಿದ್ದರೆ ಮಳೆಹುಳು, ಹಲ್ಲಿ ಸೇರಿಕೊಂಡು ಅವುಗಳ ನೆರಳು ಬೋರ್ಡಿನ ಮೇಲೆ ಓಡಾಡುತ್ತದೆ. ಮಂಗಳೂರು, ಉಡುಪಿ ಕಡೆಗೆ ಕಬ್ಬಿಣದ ಪೈಪಿನ ಬದಲು ಅಲ್ಯೂಮಿನಿಯಂ ಫ್ರೇಮು, ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಉಪ್ಪುಗಾಳಿಗೆ ಕಬ್ಬಿಣದ ತುಕ್ಕು ಇಳಿದು ಹಳದಿ ಮುಖದ ಮೇಲೆ ಕೆಂಪು ಗೆರೆ ಎಳೆಯುತ್ತದೆ.

ಫ್ರೇಮಿಗೆ ಅರ್ಥ್ ಕೊಡುವುದನ್ನು ಯಾರೂ ತಪ್ಪಿಸಬಾರದು. ಮಳೆಯಲ್ಲಿ ಫುಟ್‌ಪಾತಿನಲ್ಲಿ ನಿಂತವರು ಶಟರಿಗೋ ಬೋರ್ಡಿನ ಪೈಪಿಗೋ ಕೈ ಊರುತ್ತಾರೆ. ಮೂರು ಕೋರಿನ 1.5 ಚದರ ಮಿ.ಮೀ. ಕೇಬಲ್, ಅದಕ್ಕೇ ಬೇರೆ ಎಂಸಿಬಿ (ಹೊರೆ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಎಸ್‌ಎಂಪಿಎಸ್ ಅನ್ನು ಬಾಕ್ಸಿನೊಳಗೆ ಹುದುಗಿಸದೆ ಅಂಗಡಿಯ ಒಳಗೆ ಕೈಗೆಟುಕುವಲ್ಲಿ ಇಡಲು ಆದರೆ ಇನ್ನೂ ಒಳ್ಳೆಯದು, ಕೆಟ್ಟಾಗ ಏಣಿ ಬೇಕಾಗದು. ದೂರ ಹೆಚ್ಚಾದರೆ ಮಾತ್ರ 12 ವೋಲ್ಟಿನ ತಂತಿ ದಪ್ಪವಿರಲಿ.

ಕೆಲಸ ಮುಗಿದ ದಿನ ಉಳಿದ ಹಳದಿ ಪಟ್ಟಿ, ಕೆಂಪು ತುಂಡು ಎರಡನ್ನೂ ಪೈಪಿಗೆ ಸುತ್ತಿ, ರೋಲಿನ ಸರಣಿ ಮತ್ತು ಲಾಟ್ ಸಂಖ್ಯೆಯನ್ನು ಅದರ ಮೇಲೆ ಬರೆದು ಅಂಗಡಿಯವರಿಗೇ ಕೊಟ್ಟುಬಿಡಿ. ಅದೇ ಲಾಟಿನ ಹತ್ತು ಮಾಡ್ಯೂಲುಗಳನ್ನೂ ಜೊತೆಗಿಡಿ. ಮುಂದೆ ನಡುವಿನ ಒಂದು ಮಾಡ್ಯೂಲು ಸತ್ತಾಗ ಪೇಟೆಯಿಂದ ಹೊಸದು ತಂದು ಹಾಕಿದರೆ ಅದೊಂದೇ ಬೇರೆ ಬಿಳಿಯಾಗಿ, ಹಳದಿಯ ನಡುವೆ ಮಚ್ಚೆಯಂತೆ ಕಾಣುತ್ತದೆ.